ಎರಡು ಎಡಗೆನ್ನೆ

ಮೇಸ್ತ್ರಿಯ ಎಡಗಡೆ, ಕಿಟಕಿಯ ಕೆಳಗೆ, ಒಂದು ಗಿಡ್ಡ ಸ್ಟೂಲು ಇತ್ತು. ಅದರ ಮೇಲೆ ಮನುಷ್ಯರು ಕೂತದ್ದನ್ನು ಮನೆಯಲ್ಲಿ ಯಾರೂ ನೋಡಿರಲಿಲ್ಲ. ಬಣ್ಣದ ಡಬ್ಬಿ, ಮೇಣದ ಉಂಡೆ, ಮೇಸ್ತ್ರಿಯ ಕನ್ನಡಕದ ಪೆಟ್ಟಿಗೆ ಕೂರುತ್ತಿದ್ದವು. ಒಂದು ಸೋಮವಾರ ಅವನ್ನೆಲ್ಲ ಕೆಳಗಿಳಿಸಿ ಸೊಸೆ ಕೂತಳು. ಅವಳು ಕೂತಳು, ಮನೆಯ ನೆಮ್ಮದಿ ಎದ್ದು ಹೋಯಿತು.

ಮುಂದಿನ ಕೋಣೆ ಅಂಗಡಿ, ಹಿಂದಿನದು ಅಡುಗೆಮನೆ, ನಡುವೆ ಒಂದು ಹೊಸ್ತಿಲು. ಆಚೆ ತೊಗಲಿನ ವಾಸನೆ, ಈಚೆ ಈರುಳ್ಳಿಯ ವಾಸನೆ. ಮೇಸ್ತ್ರಿ ಕುದುರೆಗಳಿಗೆ ಅಲಂಕಾರದ ತೊಗಲು ಸಾಮಾನು ಮಾಡುವವರು. ಹಣೆಪಟ್ಟಿ, ಕೆನ್ನೆಪಟ್ಟಿ, ಎದೆಪಟ್ಟಿ, ಎಲ್ಲದರ ಮೇಲೂ ಹೂಬಳ್ಳಿಯ ಕೆತ್ತನೆ. ಮದುವೆಯ ಸಾರೋಟಿಗೆ, ಕುದುರೆ ಪ್ರದರ್ಶನಕ್ಕೆ ಜನ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಹೊಲಿಗೆಯ ದಾರಕ್ಕೆ ಮೇಣ ಹಚ್ಚುವುದು, ಚಾಕು-ಉಳಿಗಳಿಗೆ ಎಣ್ಣೆ ಸವರುವುದು, ಮುಗಿದ ಪಟ್ಟಿಗಳ ಅಂಚನ್ನು ಮರದ ತುಂಡಿನಿಂದ ಉಜ್ಜಿ ಉಜ್ಜಿ ನುಣುಪು ಮಾಡುವುದು ಅವರ ಹೆಂಡತಿಯ ಕೆಲಸ. ಮನೆಗೆ ಸೊಸೆ ಬಂದ ಮೇಲೆ ಆಕೆ ಎಲ್ಲರಿಗೂ ಅತ್ತೆಯೇ ಆಗಿದ್ದರಿಂದ ನಾವೂ ಅತ್ತೆ ಎನ್ನೋಣ. ಅತ್ತೆ ಇದನ್ನೆಲ್ಲ ಹೊಸ್ತಿಲ ಮೇಲೆ ಕೂತೇ ಮಾಡುತ್ತಿದ್ದರು, ಒಂದು ಕಣ್ಣು ಒಲೆಯ ಮೇಲಿಟ್ಟು. ಹೊಸ್ತಿಲು ದಾಟಿ ಬಂದು ಕೂರು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಸೊಸೆ ಕೇಕಿನ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಆ ಅಂಗಡಿ ಮುಚ್ಚಿತು. ಕೈ ಖಾಲಿ ಇದ್ದ ಬೇಸರಕ್ಕೆ ಮಾವನ ಹುಟ್ಟುಹಬ್ಬಕ್ಕೆ ಮನೆಯಲ್ಲೇ ಒಂದು ಕೇಕು ಮಾಡಿ, ಸುತ್ತಲೂ ಸಕ್ಕರೆಯ ಬಳ್ಳಿ ಬಿಡಿಸಿದಳು. ಮೇಸ್ತ್ರಿ ಕೇಕು ತಿನ್ನಲಿಲ್ಲ. ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಬಳ್ಳಿ ಎಲ್ಲೂ ಕಡಿದಿಲ್ಲ. ಯಾರು ಹೇಳಿಕೊಟ್ರು?"

"ಯಾರೂ ಇಲ್ಲ ಮಾವ. ಮಾಡ್ತಾ ಮಾಡ್ತಾ ಬಂತು."

"ನಾಳೆ ಅಂಗಡಿಗೆ ಬಾ."

ಅತ್ತೆ ಕೇಕು ಕತ್ತರಿಸಲು ಎತ್ತಿದ ಚಾಕು ಹಾಗೇ ನಿಂತಿತು. "ಬಂದು ಏನು ಮಾಡ್ಬೇಕು ಅವಳು?"

"ಕಲೀಲಿ. ನನ್ನ ಹೆಬ್ಬೆರಳು ಬಗ್ತಾ ಇಲ್ಲ, ನಿನಗೂ ಗೊತ್ತಲ್ಲ."

"ಮತ್ತೆ ಅಡುಗೆ?"

"ನೀನಿದ್ದೀಯಲ್ಲ."

ಅತ್ತೆ ಕೇಕು ಕತ್ತರಿಸಿದರು. ಬಳ್ಳಿಯ ಮಧ್ಯಕ್ಕೇ ಸರಿಯಾಗಿ ಚಾಕು ಬಿತ್ತು.

ಮದುವೆಯಾದ ಹೊಸದರಲ್ಲಿ ಅತ್ತೆ ಒಮ್ಮೆ ಗಂಡನನ್ನು ಕೇಳಿದ್ದರು, ನಾನೂ ಕೆತ್ತೋದು ಕಲೀಲಾ ಎಂದು. ಮೇಸ್ತ್ರಿ ತಲೆ ಎತ್ತದೆ, "ಅಡುಗೆ ಯಾರು ಮಾಡ್ತಾರೆ?" ಎಂದಿದ್ದರು. ಅತ್ತೆ ಇನ್ನೊಮ್ಮೆ ಕೇಳಲಿಲ್ಲ. ಈಗ ಅದೇ ಅಡುಗೆ ಇತ್ತು, ಅದೇ ಸ್ಟೂಲು ಇತ್ತು, ಆದರೆ ಕೂರಲು ಕರೆದದ್ದು ನಿನ್ನೆ ಮೊನ್ನೆ ಬಂದವಳನ್ನು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ. ಹೊಟ್ಟೆಕಿಚ್ಚಿಗೆ ಬೇರೆ ಹೆಸರಿಟ್ಟು ಪ್ರಯೋಜನವಿಲ್ಲ. ಅತ್ತೆಗೆ ಹೊಟ್ಟೆಕಿಚ್ಚಾಗಿತ್ತು.

ಮೊದಲ ವಾರಗಳು ಮಾತ್ರ ಅತ್ತೆಗೆ ಸುಖವಾಗಿಯೇ ಕಳೆದವು, ಏಕೆಂದರೆ ಸೊಸೆಗೆ ಏನೂ ಬರುತ್ತಿರಲಿಲ್ಲ. ಕೆತ್ತುವ ಮೊದಲು ತೊಗಲನ್ನು ಒದ್ದೆ ಮಾಡಬೇಕು. ನೀರು ಹೆಚ್ಚಾದರೆ ಗೆರೆ ನಿಲ್ಲುವುದಿಲ್ಲ, ಕಡಿಮೆಯಾದರೆ ಚಾಕು ಕಚ್ಚಿಕೊಳ್ಳುತ್ತದೆ.

"ಕೆನ್ನೆಗೆ ಒತ್ತಿ ನೋಡು," ಎಂದು ಮೇಸ್ತ್ರಿ ಹೇಳಿಕೊಡುವುದು ಹೊಸ್ತಿಲಿಗೆ ಕೇಳಿಸುತ್ತಿತ್ತು. "ತಣ್ಣಗಿರ್ಬೇಕು, ಆದ್ರೆ ಕೆನ್ನೆ ಒದ್ದೆ ಆಗ್ಬಾರ್ದು. ಆಯ್ತಾ?"

"ಆಯ್ತು ಮಾವ."

"ಏನು ಆಯ್ತು? ಕೆನ್ನೆಯೆಲ್ಲ ನೀರು. ಆರಲಿ ಬಿಡು."

ಕೇಕಿನ ಮೇಲೆ ಸಕ್ಕರೆ ಹಿಂಡಿದ ಕೈ ತೊಗಲಿನ ಮೇಲೆ ಜಾರುತ್ತಿತ್ತು. ಸುರುಳಿ ಎಳೆಯಲು ಹೋದರೆ ಮೂಲೆ ಬರುತ್ತಿತ್ತು. ದಬ್ಬಳ ಚುಚ್ಚಿಕೊಂಡು ಬೆರಳಿಗೆ ಬಟ್ಟೆ ಸುತ್ತಿಕೊಂಡು ಊಟಕ್ಕೆ ಬಂದವಳಿಗೆ ಅತ್ತೆ ಎರಡು ಮೊಟ್ಟೆ ಬಡಿಸಿದರು.

"ತಿನ್ನಮ್ಮ. ರಕ್ತ ಹೋಗಿದೆ ಪಾಪ. ಎಲ್ಲರಿಗೂ ಎಲ್ಲ ಬರ್ಬೇಕು ಅಂತ ಏನೂ ಇಲ್ಲ."

"ಬರುತ್ತೆ ಬಿಡಿ ಅತ್ತೆ," ಎಂದಳು ಸೊಸೆ, ಎರಡೂ ಮೊಟ್ಟೆ ತಿಂದು.

ಮಗನಿಗೂ ಒಳಗೊಳಗೆ ಸಮಾಧಾನವಿರಲಿಲ್ಲ. ಅವನು ಲಾಂಡ್ರಿಯ ವ್ಯಾನು ಓಡಿಸುತ್ತಿದ್ದ. ಹದಿಹರೆಯದಲ್ಲಿ ಅಪ್ಪನ ಕೈಕೆಳಗೆ ಕೂತು, ದಿನಕ್ಕೊಂದು ಬೈಗುಳ ತಿಂದು, ಒಂದು ದಿನ ಎದ್ದು ಹೋದವನು. ಆಲೂಗಡ್ಡೆ ಸುಲಿಯುತ್ತಿದ್ದ ಅಮ್ಮನ ಹತ್ತಿರ ಹೇಳಿದ, "ನನಗೆ ಬರೀ ಬಯ್ದರು. ಅವಳಿಗೆ 'ಆರಲಿ ಬಿಡು' ಅಂತೆ. ನನಗೆ ಯಾವತ್ತಾದ್ರೂ ಆರಲಿ ಬಿಡು ಅಂದಿದ್ದಾರಾ?"

"ನಿನಗಾದ್ರೂ ಬಯ್ದರಲ್ಲಪ್ಪ. ಬಯ್ಯೋಕೂ ಪಕ್ಕದಲ್ಲಿ ಕೂರಿಸ್ಕೋಬೇಕಲ್ಲ," ಎಂದರು ಅತ್ತೆ.

ಆಮೇಲೆ ಒಂದು ದಿನ ಅತ್ತೆ ದಾರಕ್ಕೆ ಮೇಣ ಹಚ್ಚುತ್ತಿದ್ದಾಗ ಅಂಗಡಿಯಿಂದ ಒಂದು ಮಾತು ಕೇಳಿಸಿತು.

"ಪರವಾಗಿಲ್ಲ."

ಅಷ್ಟೇ. ಆದರೆ ಮೇಸ್ತ್ರಿಯನ್ನು ಬಲ್ಲವರಿಗೆ ಅದು ಸಣ್ಣ ಮಾತಲ್ಲ. ಇಷ್ಟು ವರ್ಷ ಅತ್ತೆ ಮಾಡಿ ಬಡಿಸಿದ ಊಟಕ್ಕೆ ಅವರಿಂದ ಸಿಕ್ಕ ದೊಡ್ಡ ಹೊಗಳಿಕೆ "ಉಪ್ಪು ಸರಿಯಾಗಿದೆ" ಎಂಬುದು. ಅತ್ತೆಯ ಕೈಯಲ್ಲಿ ದಾರ ಪಟ್ಟನೆ ತುಂಡಾಯಿತು. ಆ ದಿನದಿಂದ ಸೊಸೆಯ ದಾರಕ್ಕೆ ಸೊಸೆಯೇ ಮೇಣ ಹಚ್ಚಿಕೊಳ್ಳಬೇಕಾಯಿತು, ಅವಳ ಚಹಾಕ್ಕೆ ಸಕ್ಕರೆ ಕಡಿಮೆಯಾಯಿತು, ಅಂಗಡಿಗೆ ಹೋಗುವ ಮೊದಲು ಒಗೆಯಲು ಬಟ್ಟೆಗಳು ಎಲ್ಲಿಂದಲೋ ಹುಟ್ಟಿಕೊಂಡು ಬರತೊಡಗಿದವು.

"ಈ ಪರದೆ ಮೊನ್ನೆ ತಾನೇ ಒಗೆದಿದ್ದೆ, ಅತ್ತೆ."

"ಮೊನ್ನೆ ಒಗೆದಿದ್ದು ಮೊನ್ನೆಗೆ. ಕೆತ್ತೋ ಕೈಗೆ ಒಗೆಯೋದು ಭಾರ ಆಯ್ತಾ?"

"ಭಾರ ಅಂದ್ನಾ ನಾನು?"

"ಅನ್ನಲಿಲ್ಲ. ಮುಖ ಅಂತು."

ಸೊಸೆಯೂ ಮಾತು ನುಂಗಿಕೊಳ್ಳುವವಳಲ್ಲ. ಒದ್ದೆ ಪರದೆಯನ್ನು ಬಾಗಿಲಿಗೇ, ಅತ್ತೆ ಕೂರುವ ಹೊಸ್ತಿಲ ಮೇಲೆ ನೀರು ತೊಟ್ಟಿಕ್ಕುವಂತೆ ಒಣಹಾಕಿ ಹೋದಳು.

ಅಷ್ಟರಲ್ಲಿ ಒಂದು ದೊಡ್ಡ ಕೆಲಸ ಬಂತು. ಊರಾಚೆ ಕುದುರೆ ಲಾಯ ನಡೆಸುವ ಯಜಮಾನಿ ತನ್ನ ಬೂದು ಬಣ್ಣದ ಕುದುರೆಗೆ ಪ್ರದರ್ಶನಕ್ಕಾಗಿ ಪೂರ್ತಿ ತಲೆಸಾಮಾನು ಬೇಕೆಂದಳು. ಮೇಸ್ತ್ರಿ ಯಾವುದೋ ಕಾಲದಿಂದ ಎತ್ತಿಟ್ಟಿದ್ದ ಬೆನ್ನುತೊಗಲನ್ನು ಕೆಳಗಿಳಿಸಿದರು. ಊಟಕ್ಕೆ ಕೂತಾಗ ಯಾರನ್ನೂ ನೋಡದೆ ಹೇಳಿದರು, "ಇದನ್ನ ಅವಳು ಕೆತ್ತಲಿ. ಸರಿಯಾಗಿ ಬಂದ್ರೆ ನನ್ನ ಕೆತ್ತನೆ ಚಾಕು ಅವಳಿಗೆ. ಪಕ್ಕದ ಜಾಗಾನೂ ಅವಳದೇ, ಖಾಯಂ."

ಮಗ ಬ್ರೆಡ್ಡು ಮುರಿಯುವುದನ್ನು ನಿಲ್ಲಿಸಿದ. "ಆ ಚಾಕು ಮುಟ್ಟಿದ್ದಕ್ಕೆ ನನ್ನ ಕಿವಿ ಹಿಂಡಿದ್ರಿ, ಅಪ್ಪ."

"ಮುಟ್ಟಿದ್ದಕ್ಕಲ್ಲ. ಅದರಲ್ಲಿ ಪೆನ್ಸಿಲ್ ಕೆತ್ತಿದ್ದಕ್ಕೆ."

"ಹೆಂಡತಿ ಚಾಕು ಅಂದ್ಮೇಲೆ ಮನೇಲೇ ಇರುತ್ತಲ್ಲ, ಬಿಡ್ರೀ," ಎಂದು ಸೊಸೆ ನಕ್ಕು ಗಂಡನ ಮೊಣಕೈ ತಿವಿದಳು. ಅವನು ನಗಲಿಲ್ಲ. ಅತ್ತೆ ಎದ್ದು ಪಾತ್ರೆ ತೊಳೆಯಲು ಹೋದರು. ಆ ಚಾಕಿಗೆ ಪ್ರತಿ ವಾರ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದದ್ದು ಅವರು. ಅದರ ಹಿಡಿಯ ಮೇಲಿನ ಸವಕಲು ಕೂಡ ಅವರಿಗೆ ಬೆರಳಲ್ಲಿ ಗೊತ್ತಿತ್ತು. ಪಾತ್ರೆಗಳು ಆ ದಿನ ಬಹಳ ಸದ್ದು ಮಾಡಿದವು.

ಹಣೆಪಟ್ಟಿ ಮುಗಿಯಿತು. ಎಡಗೆನ್ನೆಯ ಪಟ್ಟಿಯೂ ಮೇಸ್ತ್ರಿಯ ಕಣ್ಣೆದುರಲ್ಲೇ ಮುಗಿಯಿತು. ಕೆಳಗಿನಿಂದ ಮೇಲಕ್ಕೆ ಹಬ್ಬುವ ಬಳ್ಳಿ, ಹೂಗಳೆಲ್ಲ ಕುದುರೆಯ ಮೂತಿಯ ಕಡೆ ಮುಖ ಮಾಡಿದವು. ಅಷ್ಟರಲ್ಲಿ ಮೇಸ್ತ್ರಿಯ ಹೆಬ್ಬೆರಳು ಬದನೆಕಾಯಿಯಂತೆ ಊದಿಕೊಂಡಿತು. ಡಾಕ್ಟರು ಕೈಗೆ ಕಟ್ಟು ಹಾಕಿ, ಒಂದು ವಾರ ಅಂಗಡಿಗೆ ಕಾಲಿಡಬೇಡಿ, ಅಲ್ಲಿ ಹೋದರೆ ನಿಮ್ಮ ಕೈ ಸುಮ್ಮನಿರುವುದಿಲ್ಲ ಎಂದರು.

"ನೀವು ಮಲಗಿ ಮಾವ. ಬಲಗೆನ್ನೆ ನಾನೇ ಮುಗಿಸ್ತೀನಿ. ಎಲ್ಲ ಆದ್ಮೇಲೆ ಒಟ್ಟಿಗೆ ತೋರಿಸ್ತೀನಿ."

"ನಿಧಾನಕ್ಕೆ ಮಾಡು," ಎಂದರು ಮೇಸ್ತ್ರಿ. ಮುಖ್ಯವಾದ ಮಾತೊಂದನ್ನು ಹೇಳಲು ಅವರಿಗೆ ಹೊಳೆಯಲೇ ಇಲ್ಲ. ಉಸಿರಾಡುವುದನ್ನು ಯಾರಾದರೂ ಹೇಳಿಕೊಡುತ್ತಾರೆಯೇ?

ನಮೂನೆ ಒಂದೇ, ದಪ್ಪ ಕಾಗದದ್ದು. ಎಡಗೆನ್ನೆಗೆ ಅದನ್ನು ಹೇಗಿಟ್ಟು ಗೆರೆ ಒತ್ತುತ್ತಾರೋ ಬಲಗೆನ್ನೆಗೆ ಅದನ್ನು ಮಗುಚಿ ಇಡಬೇಕು. ಇಲ್ಲದಿದ್ದರೆ ಒಂದು ಕಡೆಯ ಹೂವು ಮುಂದೆ ನೋಡುತ್ತದೆ, ಇನ್ನೊಂದು ಕಡೆಯದು ಬಾಲದ ಕಡೆ. ಕೇಕಿಗೆ ಎಡವೂ ಇಲ್ಲ, ಬಲವೂ ಇಲ್ಲ. ಅಲ್ಲಿ ಹತ್ತು ಹೂವು ಒಂದೇ ಥರ ಬಂದರೆ ಅದೇ ಜಾಣತನ.

ಅತ್ತೆ ಚಹಾ ತೆಗೆದುಕೊಂಡು ಅಂಗಡಿಗೆ ಹೋದಾಗ ಸೊಸೆ ಗೆರೆ ಒತ್ತಿ ಮುಗಿಸುವುದರಲ್ಲಿದ್ದಳು. ಪಕ್ಕದಲ್ಲಿ ಮುಗಿದ ಎಡಗೆನ್ನೆ ಇತ್ತು. ಅತ್ತೆ ಎರಡನ್ನೂ ನೋಡಿದರು. ಇಷ್ಟು ವರ್ಷ ಜೋಡಿ ಜೋಡಿ ಪಟ್ಟಿಗಳ ಅಂಚು ಉಜ್ಜಿ ಗೋಡೆಯ ಮೊಳೆಗೆ ಎದುರುಬದುರು ತೂಗುಹಾಕಿದವರು ಅವರು. ಕಾಗದ ಮಗುಚಿಲ್ಲ ಎನ್ನುವುದು ಒಂದೇ ನೋಟಕ್ಕೆ ತಿಳಿಯಿತು. ಇನ್ನೂ ಚಾಕು ಬಿದ್ದಿರಲಿಲ್ಲ. ಒದ್ದೆ ತೊಗಲಿನ ಮೇಲಿನ ತೆಳು ಗೆರೆ, ಬೆರಳಲ್ಲಿ ತೀಡಿದರೆ ಮಾಯವಾಗುವಂಥದ್ದು.

"ಹೇಗಿದೆ ಅತ್ತೆ?" ಎಂದಳು ಸೊಸೆ, ತಲೆ ಎತ್ತಿ. ಮೊದಲ ಸಲ ಅವಳು ಅತ್ತೆಯನ್ನು ಹೀಗೆ ಕೇಳಿದ್ದು. ಮುಖದಲ್ಲಿ ಹೆಮ್ಮೆ ತುಳುಕುತ್ತಿತ್ತು.

ಆ ಹೆಮ್ಮೆ ಇರದಿದ್ದರೆ ಅತ್ತೆ ಹೇಳಿಬಿಡುತ್ತಿದ್ದರೋ ಏನೋ.

"ಚಹಾ ಆರಿ ಹೋಗುತ್ತೆ, ಕುಡಿ," ಎಂದು ಹೇಳಿ ಅತ್ತೆ ಒಳಗೆ ಬಂದರು. ಮಾತು ಬೆಳ್ಳಿ, ಮೌನ ಬಂಗಾರ ಎಂದವರು ಇಂಥ ಬಂಗಾರವನ್ನು ಕಂಡಿರಲಿಲ್ಲ.

ಆ ವಾರವೆಲ್ಲ ಅತ್ತೆ ವಿಪರೀತ ಒಳ್ಳೆಯವರಾಗಿದ್ದರು. ಚಹಾಕ್ಕೆ ಸಕ್ಕರೆ ಮರಳಿ ಬಂತು. ಪರದೆ ತಾವೇ ಒಗೆದರು. ಮಗ ತಮಾಷೆ ಮಾಡಿದ, "ಏನಮ್ಮ, ಸೂರ್ಯ ಎಲ್ಲಿ ಹುಟ್ಟಿದ ಇವತ್ತು?" ಅತ್ತೆ ಅವನಿಗೆ, "ಬಾಯಿಮುಚ್ಚಿ ತಿನ್ನು," ಎಂದು ಗದರಿದರು. ಅಂಗಡಿಯಿಂದ ಚಾಕಿನ ಕರಕರ ಸದ್ದು ಕೇಳಿದಾಗಲೆಲ್ಲ ಎದ್ದು ಹೋಗಿ ಹೇಳಬೇಕೆನಿಸುತ್ತಿತ್ತು. ಈಗ ಹೇಳಿದರೆ ಆಗಲೇ ಯಾಕೆ ಹೇಳಲಿಲ್ಲ ಎನ್ನುತ್ತಾಳೆ ಎಂದು ಮತ್ತೆ ಕೂರುತ್ತಿದ್ದರು. ಕೂತಾಗ ಹಳೆಯ ಉರಿ ಬಂದು ಪಕ್ಕದಲ್ಲಿ ಕೂರುತ್ತಿತ್ತು. ಬೀಳಲಿ, ಒಂದು ಸಲ ಬೀಳಲಿ ಎನಿಸುತ್ತಿತ್ತು.

ಕೆತ್ತನೆ ಮುಗಿಸಿ ಸೊಸೆ ಎರಡೂ ಪಟ್ಟಿಗಳನ್ನು ಹೊಸ್ತಿಲಿಗೆ ತಂದಳು. "ಅಂಚು ಮಾತ್ರ ನಿಮ್ಮಷ್ಟು ಚೆನ್ನಾಗಿ ನನಗೆ ಬರಲ್ಲ. ಉಜ್ಜಿ ಕೊಡ್ತೀರಾ ಅತ್ತೆ?"

ಅತ್ತೆ ಉಜ್ಜಿದರು. ಎರಡು ಎಡಗೆನ್ನೆಗಳನ್ನು ತೊಡೆಯ ಮೇಲಿಟ್ಟುಕೊಂಡು, ಮೇಣ ಹಚ್ಚಿ, ಗಾಜಿನ ಹಾಗೆ ಹೊಳೆಯುವವರೆಗೆ ಉಜ್ಜಿದರು. ಜನ್ಮದಲ್ಲಿ ಅವರು ಅಷ್ಟು ಚೆನ್ನಾಗಿ ಉಜ್ಜಿರಲಿಲ್ಲ.

ಕಟ್ಟು ಬಿಚ್ಚಿದ ದಿನ ಮೇಸ್ತ್ರಿ ಅಂಗಡಿಗೆ ಬಂದರು. ಮಗನೂ ವ್ಯಾನು ನಿಲ್ಲಿಸಿ ಬಂದಿದ್ದ. ಮೂಲೆಯಲ್ಲಿದ್ದ ಮರದ ಕುದುರೆತಲೆಗೆ ಸೊಸೆ ಒಂದೊಂದೇ ಪಟ್ಟಿ ತೊಡಿಸಿದಳು. ಎಡಗಡೆಯಿಂದ ನೋಡಿ ಮೇಸ್ತ್ರಿ ತಲೆಯಾಡಿಸಿದರು. ಬಲಗಡೆಗೆ ಹೋದರು. ನಿಂತರು.

"ಏನಾಯ್ತು ಮಾವ?"

"ಈ ಕಡೆ ಬಾ. ಹೂವು ಎತ್ತ ನೋಡ್ತಿದೆ?"

ಸೊಸೆ ಬಂದು ನೋಡಿದಳು. ಆ ಕಡೆ ಹೋದಳು, ಮತ್ತೆ ಈ ಕಡೆ ಬಂದಳು. ಅವಳ ಮುಖದ ಬಣ್ಣ ಇಳಿಯಿತು. "ಕಾಗದ ಮಗುಚಬೇಕಿತ್ತಾ?"

ಮೇಸ್ತ್ರಿ ಪಟ್ಟಿಯನ್ನು ಬಿಚ್ಚಿ ಕೈಗೆ ತೆಗೆದುಕೊಂಡರು. ಕೂಗಾಡುತ್ತಾರೆ ಎಂದು ಮಗ ಕಾಯುತ್ತಿದ್ದ. ಕಾಯುವುದರಲ್ಲಿ ಒಂದಿಷ್ಟು ಖುಷಿಯೂ ಇತ್ತೆಂದರೆ ಸುಳ್ಳಲ್ಲ. ಆದರೆ ಮೇಸ್ತ್ರಿ ಕೂಗಾಡಲಿಲ್ಲ. ಪಟ್ಟಿಯ ಅಂಚಿನ ಮೇಲೆ ಬೆರಳಾಡಿಸಿದರು.

"ಅಂಚು ಉಜ್ಜಿದ್ದು ಯಾರು?"

 ಆ ಮನೆಯಲ್ಲಿ ಅಂಚು ಉಜ್ಜುವವರು ಒಬ್ಬರೇ. ಎಲ್ಲರೂ ಹೊಸ್ತಿಲ ಕಡೆ ತಿರುಗಿದರು.

"ಎರಡೂ ನಿನ್ನ ತೊಡೆ ಮೇಲಿತ್ತು," ಎಂದರು ಮೇಸ್ತ್ರಿ. "ಕಾಣಲಿಲ್ವಾ?"

"ಕಂಡಿತು," ಎಂದರು ಅತ್ತೆ. "ಉಜ್ಜೋ ಮೊದಲೇ ಕಂಡಿತ್ತು. ಗೆರೆ ಒತ್ತುವಾಗಲೇ ಕಂಡಿತ್ತು."

ಸೊಸೆಗೆ ಚಹಾದ ಲೋಟ ನೆನಪಾಯಿತು. "ಹೇಗಿದೆ ಅಂತ ನಿಮ್ಮನ್ನ ಕೇಳಿದ್ನಲ್ಲ ಅತ್ತೆ. ನೀವು ಚಹಾ ಕುಡಿ ಅಂದ್ರಿ."

"ಹೂಂ. ಅಂದೆ."

"ಬಾಯಲ್ಲಿ ಒಂದು ಮಾತು ಬರಲಿಲ್ವಾ ನಿನಗೆ? ಆ ತೊಗಲು ಇನ್ನೆಲ್ಲಿ ಸಿಗುತ್ತೆ?" ಎಂದು ಮೇಸ್ತ್ರಿ ಈಗ ದನಿ ಏರಿಸಿದರು.

"ಉಜ್ಜು ಅಂದ್ರಿ, ಉಜ್ಜಿದೆ. ನೋಡು ಅಂತ ಯಾವತ್ತಾದ್ರೂ ಅಂದಿದ್ರಾ? ಬಾ, ಕೂತ್ಕೋ ಅಂದಿದ್ರಾ? ನಾನು ಬಾಯಿ ಬಿಟ್ಟು ಕೇಳಿದ್ದೆ, ಕಲೀಲಾ ಅಂತ. ಅಡುಗೆ ಯಾರು ಮಾಡ್ತಾರೆ ಅಂದ್ರಿ."

ಮೇಸ್ತ್ರಿ ಹೆಂಡತಿಯನ್ನು ದಿಟ್ಟಿಸಿ ನೋಡಿದರು. "ನೀನು ಕೇಳಿದ್ದೆಯಾ? ಯಾವಾಗ?"

ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ಬೈದಿದ್ದರೂ ಅತ್ತೆ ತಡೆದುಕೊಳ್ಳುತ್ತಿದ್ದರು, ಇದನ್ನು ತಡೆದುಕೊಳ್ಳಲಾಗಲಿಲ್ಲ. ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಲೆಯ ಮೇಲಿದ್ದ ಆಲೂಗಡ್ಡೆ ಸೀದು ವಾಸನೆ ಅಂಗಡಿಯವರೆಗೆ ಬಂತು, ಯಾರೂ ಎದ್ದು ಹೋಗಲಿಲ್ಲ.

ಲಾಯದ ಯಜಮಾನಿ ಸ್ವಲ್ಪ ಗೊಣಗಿ ಗಡುವು ಮುಂದೂಡಿದಳು. ಹೊಸ ತೊಗಲು ತಂದು, ಮೊದಲಿನದಕ್ಕೆ ಹೊಂದುವಂತೆ ಬಣ್ಣ ಕೂಡಿಸಿ, ಸೊಸೆ ಬಲಗೆನ್ನೆಯನ್ನು ಮತ್ತೆ ಕೆತ್ತಿದಳು. ಈ ಸಲ ಅಂಚನ್ನೂ ಅವಳೇ ಉಜ್ಜಿದಳು. ಅತ್ತೆಯೊಡನೆ ಮಾತಿಲ್ಲ. ಬಡಿಸಿದ್ದನ್ನು ತಿನ್ನುವಳು, ತಟ್ಟೆ ತೊಳೆದಿಡುವಳು. ಮಗ ನಡುವೆ ಸಿಕ್ಕಿಕೊಂಡ.

"ಉಪ್ಪು ಬೇಕಾ ಕೇಳು ಅವಳನ್ನ."

"ಅಮ್ಮ, ಅವಳು ನಿನ್ನ ಎದುರಿಗೇ ಕೂತಿದ್ದಾಳೆ."

"ಬೇಡ ಅಂತ ಹೇಳಿ," ಎಂದಳು ಸೊಸೆ.

ಒಂದು ದಿನ ಹೀಗೇ ಊಟ ನಡೆದಿರುವಾಗ ಮೇಸ್ತ್ರಿ, "ನಾಳೆಯಿಂದ ನೀನೂ ಬಾ," ಎಂದರು. ಯಾರಿಗೆ ಹೇಳಿದರೆಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು.

"ನನ್ನ ಬಾಯಿ ಮುಚ್ಚಿಸೋಕಾ?"

"ಬಾಯಿ ಮುಚ್ಕೊಂಡು ಇದ್ದಿದ್ದಕ್ಕೇ ಇಷ್ಟೆಲ್ಲ ಆಗಿದ್ದು. ಬಾ."

"ಅಡುಗೆ?"

ಮೇಸ್ತ್ರಿ ಮಗನ ಕಡೆ ನೋಡಿದರು.

"ಅವಳಿಗೊಂದು ಸ್ಟೂಲು, ಅಮ್ಮನಿಗೊಂದು ಸ್ಟೂಲು. ನನಗೇನು?" ಎಂದ ಮಗ.

"ನಿನಗೆ ಒಲೆ ಇದೆಯಲ್ಲ."

ಬರುವುದಿಲ್ಲ ಎಂದು ಅತ್ತೆ ಹಟ ಮಾಡಿದರು. ಮಾರನೆಯ ದಿನ ಬೆಳಿಗ್ಗೆ ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟುಕೊಂಡು ಹೊಸ್ತಿಲು ದಾಟಿದರು.

ಇಷ್ಟು ವರ್ಷ ಅವರು ಒಂದು ಮಾತು ನಂಬಿದ್ದರು: ಒಂದೇ ಒಂದು ಸಲ ಚಾಕು ಕೈಗೆ ಕೊಟ್ಟರೆ ಸಾಕು, ಕೆತ್ತನೆ ತಾನೇ ಬರುತ್ತದೆ ಎಂದು. ಚಾಕು ಕೈಗೆ ಬಂತು. ಗೆರೆ ಎಲ್ಲಿಗೋ ಹೋಯಿತು. ಸುರುಳಿ ಸುಟ್ಟ ಹಪ್ಪಳದ ಹಾಗೆ ಮುದುಡಿತು. ಮೇಸ್ತ್ರಿ ತಾಳ್ಮೆ ಮುಗಿದು, "ಅವಳ ಹತ್ರ ಕೇಳಿ ಕಲಿ, ನನ್ನಿಂದ ಆಗಲ್ಲ," ಎಂದು ಎದ್ದು ಹೋದರು. ಸೊಸೆ ಒಂದು ಮಾತೂ ಆಡದೆ ಹೊಟ್ಟೆಭಾಗದ ಸಡಿಲ ತೊಗಲಿನ ಚೂರೊಂದನ್ನು ಅತ್ತೆಯ ಮುಂದೆ ಎಸೆದಳು. ಬೆನ್ನಿನ ಒಳ್ಳೆಯ ತೊಗಲನ್ನು ತನ್ನ ಕಡೆ ಎಳೆದುಕೊಂಡಳು.

ಅತ್ತೆ ನುಂಗಿಕೊಂಡರು. ಪಕ್ಕದಲ್ಲಿ ಸೊಸೆಯ ಚಾಕು ಬೆಣ್ಣೆಯ ಮೇಲೆ ಹೋದ ಹಾಗೆ ಹೋಗುತ್ತಿತ್ತು, ಅದನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು. ಮೊದಲು ಉರಿದದ್ದು ಆ ಜಾಗಕ್ಕೆ, ಈಗ ಆ ಕೈಗೆ. ಆದರೂ ದಿನವೂ ಬಂದು ಕೂತರು. ಸೊಸೆಯೂ ಒಂದೊಂದು ಮಾತು ಬಿಚ್ಚತೊಡಗಿದಳು, ಎಲ್ಲ ತೊಗಲಿನದೇ. "ನೀರು ಜಾಸ್ತಿ ಆಯ್ತು." "ಮಣಿಕಟ್ಟು ತಿರುಗಿಸಿ, ಬೆರಳಲ್ಲ." "ಕೆನ್ನೆಗೆ ಒತ್ತಿ ನೋಡಿ."

ಕೆಲವು ವಾರಗಳ ಮೇಲೆ, ಲಾಯದಲ್ಲಿ ಮಕ್ಕಳು ಹತ್ತುವ ಮುದಿ ತಟ್ಟುಕುದುರೆಗೆ ಒಂದು ಸಾದಾ ಕೆನ್ನೆಪಟ್ಟಿಯ ಜೋಡಿ ಬೇಕಾಯಿತು. ಹೆಚ್ಚು ಕೆತ್ತನೆಯಿಲ್ಲ, ಮೂರು ಎಲೆ, ಒಂದು ಹೂವು. ಮೇಸ್ತ್ರಿ ಅದನ್ನು ಹೆಂಡತಿಗೆ ಕೊಟ್ಟರು. ಅತ್ತೆ ಎಡಗೆನ್ನೆಯನ್ನು ಉಸಿರು ಬಿಗಿಹಿಡಿದು ಮುಗಿಸಿದರು. ಗೆರೆ ಸ್ವಲ್ಪ ನಡುಗಿತ್ತು, ಆದರೆ ಹೂವು ಹೂವಿನ ಹಾಗೇ ಇತ್ತು. ಖುಷಿಯಲ್ಲಿ ಎರಡನೆಯ ತೊಗಲನ್ನು ಒದ್ದೆ ಮಾಡಿ, ಕೆನ್ನೆಗೊತ್ತಿ ನೋಡಿ, ಕಾಗದ ಇಟ್ಟು ಒತ್ತತೊಡಗಿದರು.

ಮಗ ಚಹಾ ತಂದಿಟ್ಟು ಹೋದ. ಸೊಸೆ ಲೋಟ ಎತ್ತಿಕೊಂಡು ಅತ್ತೆಯ ಕಡೆ ತಿರುಗಿದಳು. ತಿರುಗಿದವಳು ಹಾಗೇ ನೋಡುತ್ತ ಉಳಿದಳು. ಅತ್ತೆ ನಾಲಿಗೆ ಕಚ್ಚಿಕೊಂಡು ಎಲೆಯ ತುದಿ ಒತ್ತುತ್ತಿದ್ದರು. ಕೈಕೆಳಗಿನ ಗೆರೆ ಬಿಟ್ಟರೆ ಪ್ರಪಂಚದಲ್ಲಿ ಬೇರೇನೂ ಅವರಿಗೆ ಕಾಣುತ್ತಿರಲಿಲ್ಲ. ಸೊಸೆ ಚಹಾ ಕುಡಿದಳು. ಅವಸರ ಮಾಡದೆ, ಒಂದೊಂದೇ ಗುಟುಕು, ತಳದ ಸಕ್ಕರೆಯವರೆಗೂ ಕುಡಿದಳು. ಅತ್ತೆ ಕಾಗದ ತೆಗೆದಿಟ್ಟು ಚಾಕು ಎತ್ತಿಕೊಂಡರು.

"ಅತ್ತೆ," ಎಂದಳು ಸೊಸೆ. "ಕಾಗದ ಮಗುಚಿಲ್ಲ ನೀವು."

ಅತ್ತೆಯ ಕೈ ಗಾಳಿಯಲ್ಲೇ ನಿಂತಿತು. ಎಡಗೆನ್ನೆ ನೋಡಿದರು, ಒತ್ತಿದ ಗೆರೆ ನೋಡಿದರು. ಕಿವಿಯವರೆಗೆ ಕೆಂಪಾದರು.

"ಯಾವಾಗ ನೋಡಿದೆ?"

"ಚಹಾ ಬಂದಾಗಲೇ."

"ಮತ್ತೆ ಈಗ ಹೇಳ್ತಿದ್ದೀಯಾ?"

"ಚಹಾ ಆರಿ ಹೋಗುತ್ತಲ್ಲ," ಎಂದು ಸೊಸೆ ಖಾಲಿ ಲೋಟವನ್ನು ಕೆಳಗಿಟ್ಟಳು.

ಅತ್ತೆ ಚಾಕು ಕೆಳಗಿಟ್ಟರು. ಹೆಬ್ಬೆರಳು ಒದ್ದೆ ಮಾಡಿಕೊಂಡು ಗೆರೆಗಳನ್ನು ಒಂದೊಂದಾಗಿ ತೀಡಿ ಅಳಿಸಿದರು. ಆಮೇಲೆ ಕಾಗದವನ್ನು ಮಗುಚಿ ಇಟ್ಟು, ಅದು ಜರುಗದಂತೆ ಇನ್ನೊಂದು ತುದಿ ಹಿಡಿದುಕೋ ಎಂದು ಸೊಸೆಗೆ ಕಣ್ಣಲ್ಲೇ ತೋರಿಸಿದರು.